ಇಪ್ಪತ್ತು ವರ್ಷದ ಆಚೆಗೆ ಊರನ್ನು ನೋಡುವುದು ಹೇಗೆ?

ನಮ್ಮೂರು ಉಡುಪಿ ಪೇಟೆಯಿಂದ ಸ್ವಲ್ಪ ಒಳಗೆ, ಸ್ವರ್ಣಾ ನದಿಯ ಕಡೆಗೆ. ನಮ್ಮ ಯುವಕ ಮಂಡಲದ ಅಧ್ಯಕ್ಷರಿಗೆ ಈಗ ಐವತ್ತೆರಡು ವರ್ಷ. ಕಾರ್ಯದರ್ಶಿಗೆ ನಲವತ್ತೇಳು. ಊರಿನ ಹುಡುಗರು ಬೆಂಗಳೂರಿನಲ್ಲಿದ್ದಾರೆ, ದುಬೈಯಲ್ಲಿದ್ದಾರೆ, ಮಂಡಲದ ವಾಟ್ಸಾಪ್ ಗ್ರೂಪಿನಲ್ಲಿದ್ದಾರೆ. ಜಗಲಿಯಲ್ಲಿ ಮಾತ್ರ ಇಲ್ಲ. ಮೂರು ವರ್ಷದ ಹಿಂದೆ, ಮೇ ತಿಂಗಳ ಒಂದು ಸಂಜೆ, ಲೆಕ್ಕಪತ್ರ ಮುಗಿಸಿ ಏಳುವಾಗ ಅಧ್ಯಕ್ಷರು ಬೀಗದ ಕೈ ಹಿಡಿದುಕೊಂಡೇ ಕೇಳಿದರು: "ಇನ್ನು ಇಪ್ಪತ್ತು ವರ್ಷಕ್ಕೆ ಈ ಬೀಗ ಯಾರ ಕೈಯಲ್ಲಿ ಇರ್ತದೆ ಮಾರಾಯ್ರೆ?"

ಯಾರೂ ಮಾತಾಡಲಿಲ್ಲ. ಆ ಪ್ರಶ್ನೆ ನನ್ನನ್ನು ಬಿಡಲೂ ಇಲ್ಲ. ಇಂಥ ಪ್ರಶ್ನೆಗಳನ್ನೇ ಕಸುಬು ಮಾಡಿಕೊಂಡವರು ಜಗತ್ತಿನಲ್ಲಿ ಇದ್ದಾರೆ ಅಂತ ಆಮೇಲೆ ಗೊತ್ತಾಯಿತು. ಅವರನ್ನು ಭವಿಷ್ಯಚಿಂತಕರು ಅನ್ನಬಹುದು. ಅವರ ವಿಧಾನಗಳನ್ನು ಓದಿಕೊಂಡು, ನಮ್ಮ ಮಂಡಲದಲ್ಲಿ ಮೂರು ಬೇಸಿಗೆ ಕೂತು ಮಾಡಿ ನೋಡಿದ್ದೇವೆ. ಯಾವುದು ಕೆಲಸಕ್ಕೆ ಬಂತೋ ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ಒಂದು ಕುಟುಂಬ, ಒಂದು ಹಾಲಿನ ಸೊಸೈಟಿ, ಒಂದು ಸ್ತ್ರೀಶಕ್ತಿ ಗುಂಪು, ಒಂದು ಶಾಲೆಯ ಹಳೆ ವಿದ್ಯಾರ್ಥಿ ಸಂಘ, ಯಾರು ಬೇಕಾದರೂ ಮಾಡಬಹುದು. ಬೇಕಾದದ್ದು ಒಂದಷ್ಟು ದೊಡ್ಡ ಹಾಳೆ, ನಾಲ್ಕು ಸಂಜೆ, ಮತ್ತೆ ತಾಳ್ಮೆ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ನಮ್ಮ ಕಡೆ ಭವಿಷ್ಯ ಅಂದ ಕೂಡಲೇ ಜನರಿಗೆ ನೆನಪಾಗುವುದು ಜ್ಯೋತಿಷಿಯ ಹತ್ತಿರ ಪ್ರಶ್ನೆ ಇಡುವುದು. ಅಲ್ಲಿ ಒಂದು ಉತ್ತರ ಬೇಕು, ಖಚಿತವಾಗಿ ಬೇಕು. ಭವಿಷ್ಯಚಿಂತಕರು ಒಂದು ಉತ್ತರ ಕೊಡುವುದಿಲ್ಲ. ಮುಂದೆ ಬರಬಹುದಾದ ಮೂರು ನಾಲ್ಕು ದಾರಿಗಳನ್ನು ಬಿಡಿಸಿ ಇಡುತ್ತಾರೆ. ಯಾವ ದಾರಿ ಬಂದರೂ ಕೈಕಾಲು ಬಿಡದ ಹಾಗೆ ಇವತ್ತು ಏನು ಮಾಡಬಹುದು ಅಂತ ಕೇಳುತ್ತಾರೆ.

ಇದಕ್ಕೆ ಎಲ್ಲರೂ ಹೇಳುವ ಉದಾಹರಣೆ ಶೆಲ್ ತೈಲ ಕಂಪನಿಯದು. 1970ರ ದಶಕದ ಆರಂಭದಲ್ಲಿ ಅಲ್ಲಿ ಪಿಯರ್ ವಾಕ್ ಎಂಬವರ ತಂಡ ಮುಂದಿನ ದಿನಗಳ ಬಗ್ಗೆ ಬೇರೆ ಬೇರೆ ಕಥೆಗಳನ್ನು ಬರೆದು ಕಂಪನಿಯ ದೊಡ್ಡವರ ಮುಂದೆ ಇಟ್ಟಿತು. ತೈಲ ದೇಶಗಳು ಒಟ್ಟಾಗಿ ಪೂರೈಕೆ ಬಿಗಿ ಮಾಡಿದರೆ ಏನಾದೀತು ಎಂಬ ಕಥೆಯೂ ಅದರಲ್ಲಿತ್ತು. ಆಗ ತೈಲ ನೀರಿನ ಹಾಗೆ ಅಗ್ಗ. ಆದರೆ 1973ರ ಅಕ್ಟೋಬರ್‌ನಲ್ಲಿ ನಡೆದದ್ದು ಅದೇ. ಕೆಲವೇ ತಿಂಗಳಲ್ಲಿ ಬೆಲೆ ನಾಲ್ಕು ಪಟ್ಟು ಏರಿತು. ವಾಕ್ ತಂಡ ದಿನಾಂಕ ಹೇಳಿರಲಿಲ್ಲ. ಆದರೆ ಆ ಕಥೆಯನ್ನು ಮೊದಲೇ ಕೇಳಿದ್ದವರಿಗೆ ಅದು ಬಂದಾಗ ಗುರುತು ಸಿಕ್ಕಿತು, ಬೇರೆಯವರಿಗಿಂತ ಬೇಗ ನಿರ್ಧಾರ ತೆಗೆದುಕೊಳ್ಳಲು ಆಯಿತು.

ಪ್ರಶ್ನೆ ಮತ್ತು ವರ್ಷ

"ಮುಂದೆ ಏನಾಗುತ್ತದೆ?" ಅಂತ ಸುಮ್ನೆ ಕೇಳಿದರೆ ಚರ್ಚೆ ರಾಜಕೀಯಕ್ಕೆ ಹೋಗುತ್ತದೆ. ನಮ್ಮ ಮೊದಲ ಸಂಜೆ ಹಾಗೇ ಹಾಳಾಯಿತು. ಪ್ರಶ್ನೆ ಸಣ್ಣದಿರಲಿ, ಅದರಲ್ಲಿ ಒಂದು ಜಾಗ ಇರಲಿ, ಒಂದು ಇಸವಿ ಇರಲಿ. ನಾವು ಕೊನೆಗೆ ಹಾಳೆಯ ಮೇಲೆ ಬರೆದದ್ದು: "2045ರಲ್ಲಿ ನಮ್ಮ ವಾರ್ಡಿನಲ್ಲಿ ಯಾರು ಇರುತ್ತಾರೆ, ಅವರಿಗೆ ನೀರು, ಕೆಲಸ, ಆರೈಕೆ ಎಲ್ಲಿಂದ ಬರುತ್ತದೆ?"

ಐದು ವರ್ಷ ಅಂತ ಇಟ್ಟರೆ ಈಗಿನ ಚಿಂತೆಯೇ ಮುಂದುವರಿಯುತ್ತದೆ, ಮುಂದಿನ ಚುನಾವಣೆಯ ಆಚೆಗೆ ಯಾರೂ ಹೋಗುವುದಿಲ್ಲ. ಐವತ್ತು ವರ್ಷ ಅಂದರೆ ಕಥೆ ಆಗಿಬಿಡುತ್ತದೆ. ಹದಿನೈದರಿಂದ ಇಪ್ಪತ್ತೈದು ವರ್ಷ ಒಳ್ಳೆಯ ದೂರ. ಈಗ ಅಂಗನವಾಡಿಗೆ ಹೋಗುವ ಮಗು ಆಗ ಮನೆಯ ಜವಾಬ್ದಾರಿ ಹೊತ್ತಿರುತ್ತದೆ.

ಮುಂದೆ ನೋಡುವ ಮೊದಲು ಹಿಂದೆ

ಎಷ್ಟು ಮುಂದೆ ನೋಡಬೇಕೋ ಅದರ ಎರಡು ಪಟ್ಟು ಹಿಂದೆ ನೋಡಿ ಅಂತ ಈ ಕಸುಬಿನವರು ಹೇಳುತ್ತಾರೆ. ಈ ಹೆಜ್ಜೆಯನ್ನು ದಯವಿಟ್ಟು ಬಿಡಬೇಡಿ. ಊರು ಎಷ್ಟು ಬೇಗ ಬದಲಾಗಬಲ್ಲದು ಅಂತ ಒಪ್ಪಿಕೊಳ್ಳಲು ಬೇರೆ ದಾರಿ ಇಲ್ಲ.

ಗೋಡೆಗೆ ಉದ್ದಕ್ಕೆ ಹಾಳೆ ಅಂಟಿಸಿ ಒಂದು ಗೆರೆ ಎಳೆಯಿರಿ. ಎಲ್ಲರಿಗೂ ಗೊತ್ತಿರುವ ದೊಡ್ಡ ತಿರುವುಗಳನ್ನು ಮೊದಲು ಹಾಕಿ. ನಮ್ಮ ಗೆರೆ ಬಹಳ ಹಿಂದಿನಿಂದಲೇ ಶುರುವಾಯಿತು. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದರು, ಮುಳಿಹುಲ್ಲಿನ ಮಾಡುಗಳು ಹೋಗಿ ಹೆಂಚಿನ ಮಾಡು ಬಂತು. 1906ರಿಂದ 1931ರ ಒಳಗೆ ಈ ಕರಾವಳಿಯಲ್ಲಿ ಕೆನರಾ, ಕಾರ್ಪೊರೇಷನ್, ಕರ್ಣಾಟಕ, ಸಿಂಡಿಕೇಟ್, ವಿಜಯಾ ಅಂತ ಐದು ಬ್ಯಾಂಕುಗಳು ಹುಟ್ಟಿದವು. 1953ರಲ್ಲಿ ಮಣಿಪಾಲದ ಗುಡ್ಡದ ಮೇಲೆ ಮೆಡಿಕಲ್ ಕಾಲೇಜು. 1974ರ ಭೂಸುಧಾರಣೆ. ಗಲ್ಫಿನ ಕೆಲಸ. ಯಾಂತ್ರಿಕ ಪರ್ಸಿನ್ ಬೋಟು ಬಂದು, ಊರವರು ಸೇರಿ ದಡಕ್ಕೆ ಎಳೆಯುವ ರಂಪಣಿ ಬಲೆ ಮೂಲೆಗೆ ಸರಿದದ್ದು. 1998ರಲ್ಲಿ ಕೊಂಕಣ ರೈಲು. 2019ರಲ್ಲಿ ವಿಜಯಾ, 2020ರಲ್ಲಿ ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳ ಹೆಸರು ವಿಲೀನದಲ್ಲಿ ಮಾಯವಾದದ್ದು.

ಆಮೇಲೆ ಆ ಗೆರೆಯ ಕೆಳಗೆ ಮನೆಯ ಸಂಗತಿಗಳನ್ನು ಬರೆಸಿ. ಯಾರ ಮನೆಗೆ ಮೊದಲು ಕರೆಂಟು ಬಂತು, ಭೂಸುಧಾರಣೆಯಲ್ಲಿ ಯಾರು ಡಿಕ್ಲರೇಷನ್ ಅರ್ಜಿ ಕೊಟ್ಟು ಗೇಣಿ ಗದ್ದೆಯ ಒಡೆಯರಾದರು, ಯಾರ ಮನೆಯಲ್ಲಿ ಕೊನೆಯ ಜೋಡಿ ಕೋಣ ಮಾರಿದರು. ಇಲ್ಲಿ ಹಿರಿಯರು ಬೇಕೇ ಬೇಕು. ನಮ್ಮ ನೆರೆಮನೆಯ ದೊಡ್ಡಮ್ಮ ಗೋಡೆಯ ಹತ್ತಿರ ಬಂದು 1970ರ ಜಾಗಕ್ಕೆ ಬೆರಳು ಇಟ್ಟರು. ಆ ಬೆರಳ ತುದಿ ಇವತ್ತಿಗೂ ಗಟ್ಟಿ, ಮೂವತ್ತು ವರ್ಷ ತಡ್ಪೆಯನ್ನು (ಮೊರವನ್ನು) ಮಡಿಲಲ್ಲಿ ಇಟ್ಟುಕೊಂಡು ಬೀಡಿ ಕಟ್ಟಿದ ಕೈ. "ಆಗ ನನ್ನ ಹತ್ರ ಯಾರಾದ್ರೂ, ನಿನ್ನ ಮೊಮ್ಮಗಳು ಬೀಡಿ ಎಲೆ ಮುಟ್ಟುದೇ ಇಲ್ಲ, ಜರ್ಮನಿಯಲ್ಲಿ ನರ್ಸ್ ಆಗ್ತಾಳೆ ಅಂತ ಹೇಳಿದ್ರೆ ನಾನು ಅವರಿಗೆ ನೀರು ಕುಡಿಸಿ ಮಲಗಿಸ್ತಿದ್ದೆ" ಅಂದರು. ಎಲ್ಲರೂ ನಕ್ಕರು, ಆಮೇಲೆ ಸುಮ್ಮನಾದರು. ಆ ಮೌನ ಬರುವ ತನಕ ಈ ಹೆಜ್ಜೆ ಮುಗಿಯಲಿಲ್ಲ ಅಂತ ತಿಳಿಯಿರಿ.

ಯಾವುದು ಹೆಚ್ಚು ಕಡಿಮೆ ಖಚಿತ?

ಎಲ್ಲವೂ ಅನಿಶ್ಚಿತ ಅಂತ ಕೈಚೆಲ್ಲಬಾರದು. ಕೆಲವು ಸಂಗತಿಗಳು ಈಗಾಗಲೇ ಹೊರಟು ಆಗಿದೆ, ಬಂದು ತಲುಪುವುದಷ್ಟೇ ಬಾಕಿ. ಅವುಗಳಲ್ಲಿ ಮುಖ್ಯವಾದದ್ದು ಜನರ ವಯಸ್ಸು. 2045ರಲ್ಲಿ ಅರವತ್ತು ದಾಟುವವರೆಲ್ಲ ಇವತ್ತು ನಮ್ಮ ಕಣ್ಣ ಮುಂದೆ ನಲವತ್ತರ ಆಸುಪಾಸಿನಲ್ಲಿ ಓಡಾಡುತ್ತಿದ್ದಾರೆ. ಅವರನ್ನು ಎಣಿಸಲು ಜ್ಯೋತಿಷ್ಯ ಬೇಡ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು. ಜನಸಂಖ್ಯೆ ಇದ್ದ ಹಾಗೇ ಉಳಿಯಲು 2.1 ಬೇಕು. 2011ರ ಜನಗಣತಿಯಲ್ಲಿ ಉಡುಪಿ ಜಿಲ್ಲೆಯಲ್ಲಿ ಸಾವಿರ ಗಂಡಸರಿಗೆ 1,094 ಹೆಂಗಸರು. ಗಂಡಸರು ಮುಂಬೈ, ಗಲ್ಫ್ ಅಂತ ಹೊರಗೆ ದುಡಿಯುವ ಊರಿನ ಲೆಕ್ಕ ಹೀಗೇ ಇರುತ್ತದೆ.

ಆದರೆ ಜಿಲ್ಲೆಯ ಅಂಕಿಗಿಂತ ನಿಮ್ಮ ವಾರ್ಡಿನ ಎಣಿಕೆ ಜಾಸ್ತಿ ಮಾತಾಡುತ್ತದೆ. ಶಾಲೆಯಲ್ಲಿ ಒಂದನೇ ತರಗತಿಗೆ ಈ ವರ್ಷ ಎಷ್ಟು ಮಕ್ಕಳು ಸೇರಿದರು ಅಂತ ಟೀಚರ್ ಹತ್ತಿರ ಕೇಳಿ. ಇಬ್ಬರೇ ಹಿರಿಯರಿರುವ ಮನೆ ಎಷ್ಟು, ಬೀಗ ಹಾಕಿದ ಮನೆ ಎಷ್ಟು ಅಂತ ನಡೆದುಕೊಂಡು ಹೋಗಿ ಎಣಿಸಿ. ನಾವು ಒಂದು ಭಾನುವಾರ ಎಣಿಸಿದೆವು. ಅರವತ್ತೆಂಟು ಮನೆಗಳಲ್ಲಿ ಹನ್ನೊಂದಕ್ಕೆ ಬೀಗ, ಹತ್ತೊಂಬತ್ತರಲ್ಲಿ ಅರವತ್ತು ದಾಟಿದವರು ಮಾತ್ರ. ದಿನಾ ಆ ದಾರಿಯಲ್ಲೇ ಓಡಾಡುವ ನಮಗೆ ಆ ಸಂಖ್ಯೆ ಗೊತ್ತಿರಲಿಲ್ಲ.

ಈ ಎಣಿಕೆಯನ್ನು ಜೋಡಿಸಿಕೊಳ್ಳಲು ಸೊಹೈಲ್ ಇನಾಯತುಲ್ಲಾ ಎಂಬ ಭವಿಷ್ಯಚಿಂತಕರ ತ್ರಿಕೋನ ಸುಲಭ. ಒಂದು ಮೂಲೆಯಲ್ಲಿ ಹಿಂದಿನಿಂದ ಎಳೆಯುವ ಭಾರ: ಪಾಲಾಗದ ಆಸ್ತಿ, ಹನ್ನೆರಡು ಹೆಸರಿರುವ ಆರ್‌ಟಿಸಿ, ಬಿಡಲಾಗದ ಕಟ್ಟಳೆ. ಇನ್ನೊಂದು ಮೂಲೆಯಲ್ಲಿ ಈಗ ತಳ್ಳುತ್ತಿರುವುದು: ವಯಸ್ಸು, ಸೆಕೆ, ಕೂಲಿಯಾಳಿನ ಕೊರತೆ, ಮೊಬೈಲು. ಮೂರನೆಯದರಲ್ಲಿ ಮುಂದಿನಿಂದ ಕರೆಯುವ ಆಸೆ: ಯಾರು ಏನು ಬಯಸುತ್ತಿದ್ದಾರೆ? ನಮ್ಮಲ್ಲಿ ಮೂರನೇ ಮೂಲೆ ಬಹಳ ಹೊತ್ತು ಖಾಲಿ ಇತ್ತು. ಆಮೇಲೆ ಪಿಯುಸಿ ಓದುವ ಹುಡುಗಿಯೊಬ್ಬಳು ಎದ್ದು ಬಂದು "ಇಲ್ಲೇ ಇರಬೇಕು, ಆದ್ರೆ ಸಂಬಳ ಬೇಕು" ಅಂತ ಬರೆದು ಹೋದಳು.

ಸಣ್ಣ ಸುಳಿವುಗಳ ಪುಸ್ತಕ

ದೊಡ್ಡ ಬದಲಾವಣೆ ಬರುವ ಮೊದಲು ಸಣ್ಣ ಸಣ್ಣ ಕಡೆ ತಲೆ ಹಾಕುತ್ತದೆ. ಇಗೋರ್ ಆನ್ಸಾಫ್ ಎಂಬ ವಿದ್ವಾಂಸರು 1975ರಲ್ಲಿ ಇವುಗಳನ್ನು ದುರ್ಬಲ ಸಂಕೇತಗಳು ಅಂತ ಕರೆದರು. ನಾವು ಸುಳಿವು ಅನ್ನೋಣ.

ಒಂದು ತಿಂಗಳು ಪ್ರತಿಯೊಬ್ಬರೂ ಒಂದು ಸಣ್ಣ ಪುಸ್ತಕ ಇಟ್ಟುಕೊಳ್ಳಿ. ದಿನಕ್ಕೆ ಒಂದು ಸುಳಿವು. ನಿಯಮ ಎರಡೇ: ಕಣ್ಣಾರೆ ಕಂಡದ್ದು ಆಗಿರಬೇಕು, ಅಭಿಪ್ರಾಯ ಬರೆಯಬಾರದು. "ಕಾಲ ಕೆಟ್ಟಿತು" ಅಂತ ಬರೆದರೆ ಅದು ಸುಳಿವಲ್ಲ. ನಮ್ಮ ಪುಸ್ತಕಗಳಿಂದ ಕೆಲವನ್ನು ಇಲ್ಲಿ ಕೊಡುತ್ತೇನೆ.

ಬೀಗ ಹಾಕಿದ ಮನೆಯ ಅಂಗಳದಲ್ಲಿ ಕ್ಯಾಮೆರಾ, ಅಬುಧಾಬಿಯಿಂದ ಮಗ ಫೋನ್ ಮಾಡಿ "ಗೇಟಿನ ಹತ್ರ ದನ ಬಂದಿದೆ, ಸ್ವಲ್ಪ ಓಡಿಸಿ" ಅಂದದ್ದು. ಮಲ್ಪೆ ಬಂದರಿನಲ್ಲಿ ಬೋಟಿನ ಮೇಲೆ ಒಡಿಯಾ ಮಾತು. ಅಂಗನವಾಡಿಯಲ್ಲಿ ಗದಗದ ಕಡೆಯ ಕುಟುಂಬದ ಮಗು ತನ್ನ ಅಮ್ಮನಿಗೆ ತುಳು ಹೇಳಿಕೊಡುತ್ತಿರುವುದು. ಅಡಿಕೆ ಕೊಯ್ಯಲು ಮರ ಹತ್ತುವವರ ಬದಲು ಕಾರ್ಬನ್ ಫೈಬರ್ ದೋಟಿ ಹಿಡಿದ ತಂಡ. ಮದುವೆಯ ಊಟಕ್ಕೆ ಬಡಿಸಲು ನೆರೆಹೊರೆಯವರು ಸಾಲದೆ ಕ್ಯಾಟರಿಂಗ್ ಹುಡುಗರು. ದೈವದ ನೇಮದ ದಿನವನ್ನು ಊರಿಗೆ ಬರುವ ಮಕ್ಕಳ ರಜೆ ನೋಡಿ ಇಟ್ಟದ್ದು.

ತಿಂಗಳ ಕೊನೆಗೆ ಎಲ್ಲ ಚೀಟಿಗಳನ್ನೂ ಚಾಪೆಯ ಮೇಲೆ ಹರಡಿ, ಒಂದಕ್ಕೊಂದು ಸಂಬಂಧ ಇದ್ದದ್ದನ್ನು ಹತ್ತಿರ ಇಡಿ. ಒಂದು ಸುಳಿವಿನಿಂದ ಏನೂ ಹೇಳಲಾಗುವುದಿಲ್ಲ. ಐದಾರು ಸುಳಿವುಗಳು ಒಂದೇ ಕಡೆ ಬೆರಳು ತೋರಿಸಿದರೆ ಅಲ್ಲಿ ನಿಂತು ನೋಡಬೇಕು. ಹೊಸ ತಂತ್ರಜ್ಞಾನದ ಸುಳಿವು ಸಿಕ್ಕಾಗ ಒಂದು ಎಚ್ಚರ ಬೇಕು. ಅದು ಮೊದಲ ಎರಡು ಮೂರು ವರ್ಷದಲ್ಲಿ ಮಾಡುವುದನ್ನು ನಾವು ಜಾಸ್ತಿ ಅಂದುಕೊಳ್ಳುತ್ತೇವೆ, ಹದಿನೈದು ವರ್ಷದಲ್ಲಿ ಮಾಡುವುದನ್ನು ಕಡಿಮೆ ಅಂದುಕೊಳ್ಳುತ್ತೇವೆ. ಅಮೆರಿಕದ ರಾಯ್ ಅಮಾರಾ ಇದನ್ನು ಗುರುತಿಸಿದವರು.

ಚಕ್ರ ಬಿಡಿಸುವುದು

ನನಗೆ ಎಲ್ಲಕ್ಕಿಂತ ಹೆಚ್ಚು ಕಲಿಸಿದ್ದು ಈ ಹೆಜ್ಜೆ. ಜೆರೋಮ್ ಗ್ಲೆನ್ 1971ರಲ್ಲಿ ಇದನ್ನು ರೂಪಿಸಿದರು. ಹಾಳೆಯ ನಡುವೆ ಒಂದು ಬದಲಾವಣೆ ಬರೆದು ಸುತ್ತು ಹಾಕುವುದು. ಅದರಿಂದ ನೇರವಾಗಿ ಏನಾಗುತ್ತದೋ ಅದನ್ನು ಮೊದಲ ಸುತ್ತಿನಲ್ಲಿ. ಆ ಒಂದೊಂದರಿಂದ ಮತ್ತೇನಾಗುತ್ತದೋ ಅದನ್ನು ಎರಡನೇ ಸುತ್ತಿನಲ್ಲಿ. ಮೂರನೇ ಸುತ್ತಿನ ತನಕ ಹೋಗಲೇಬೇಕು. ಮೊದಲ ಸುತ್ತಿನಲ್ಲಿ ಇರುವುದು ಎಲ್ಲರಿಗೂ ಗೊತ್ತಿರುವ ಮಾತು. ಗೊತ್ತಿಲ್ಲದ್ದು ಸಿಗುವುದು ಮೂರನೆಯದರಲ್ಲಿ.

ನಾವು ನಡುವೆ ಬರೆದದ್ದು "ಮನೆಯಲ್ಲಿ ಇಬ್ಬರು ಹಿರಿಯರು ಮಾತ್ರ" ಅಂತ. ಮೊದಲ ಸುತ್ತು ಸುಲಭವಾಗಿ ತುಂಬಿತು. ಹೋಂ ನರ್ಸ್ ಬೇಕಾಗುತ್ತದೆ, ಆಸ್ಪತ್ರೆಗೆ ಕರೆದುಕೊಂಡು ಹೋಗಲು ಆಟೋದವರೇ ಗತಿ, ಗದ್ದೆ ಹಡಿಲು (ಪಾಳು) ಬೀಳುತ್ತದೆ. "ಹಡಿಲು ಬಿದ್ದರೆ?" ಅಂತ ನಾನು ಕೇಳಿದೆ. ಹುಲ್ಲು ಬೆಳೆಯುತ್ತದೆ, ಹಂದಿ, ನವಿಲು ಬರುತ್ತದೆ ಅಂದರು. ಇನ್ನೇನು? ಸ್ವಲ್ಪ ಹೊತ್ತು ಯಾರಿಗೂ ಏನೂ ತೋಚಲಿಲ್ಲ. ಆಗ ಬೈಲಿನ ಕೊನೆ ಮನೆಯ ಅಣ್ಣ ಒಬ್ಬರು, ಅಷ್ಟು ಹೊತ್ತು ಮಾತೇ ಆಡದವರು, ಹೇಳಿದರು: "ಕಟ್ಟ ಹಾಕುವವರಿಲ್ಲ."

ಕಟ್ಟ ಅಂದರೆ ಕರಾವಳಿಯವರಿಗೆ ಗೊತ್ತು. ಮಳೆ ನಿಂತು ತೋಡಿನ (ಸಣ್ಣ ಹಳ್ಳದ) ನೀರು ಇಳಿಯುವಾಗ, ದೀಪಾವಳಿ ಕಳೆದ ಮೇಲೆ, ಬೈಲಿನ ಎಲ್ಲ ಮನೆಯವರೂ ಸೇರಿ ಮಣ್ಣು, ಕಲ್ಲು, ಮರದ ಗೂಟ, ಸೊಪ್ಪು ಹಾಕಿ ತೋಡಿಗೆ ಅಡ್ಡ ಕಟ್ಟುತ್ತಿದ್ದರು. ಮಳೆಗಾಲದ ಏಣೆಲು ಬೆಳೆ ಕೊಯ್ದ ಮೇಲೆ ಎರಡನೆಯ ಸುಗ್ಗಿ ಬೆಳೆಗೆ ಆ ನೀರು. ಸುಗ್ಗಿ ಬೆಳೆಯೇ ಇಲ್ಲದ ಮೇಲೆ ಕಟ್ಟ ಯಾರಿಗೆ ಬೇಕು? ಆದರೆ ಆ ನಿಂತ ನೀರು ಗದ್ದೆಗೆ ಮಾತ್ರ ಹೋಗುತ್ತಿರಲಿಲ್ಲ. ನೆಲಕ್ಕೆ ಇಂಗಿ ಸುತ್ತಲಿನ ಬಾವಿಗಳಿಗೆ ಹೋಗುತ್ತಿತ್ತು. ನಮ್ಮ ಬಾವಿಗಳು ಏಪ್ರಿಲ್‌ನಲ್ಲಿ ತಳ ಕಾಣಲು ಶುರುವಾದದ್ದು ಯಾವಾಗ? ಬೈಲಿನಲ್ಲಿ ಕೊನೆಯ ಕಟ್ಟ ಹಾಕಿದ್ದು ಯಾವಾಗ? ಗೋಡೆಯ ಗೆರೆಯ ಹತ್ತಿರ ಹೋಗಿ ನೋಡಿದೆವು. ಎರಡರ ನಡುವೆ ನಾಲ್ಕೈದು ವರ್ಷದ ಅಂತರ, ಅಷ್ಟೇ.

ಮಗ ಬೆಂಗಳೂರಿಗೆ ಕೆಲಸಕ್ಕೆ ಹೋದದ್ದಕ್ಕೂ ಅಮ್ಮನ ಬಾವಿ ಬತ್ತಿದ್ದಕ್ಕೂ ಸಂಬಂಧ ಇರಬಹುದು ಅಂತ ನಾವು ಯಾರೂ ಅಂದುಕೊಂಡಿರಲಿಲ್ಲ. ಬೋರ್‌ವೆಲ್ ಜಾಸ್ತಿಯಾದದ್ದೂ ಕಾರಣ, ಮಳೆಯ ರೀತಿ ಬದಲಾದದ್ದೂ ಕಾರಣ. ಆದರೂ ಆ ಸಂಜೆ ಹಾಳೆಯ ಮೇಲಿನ ಮೂರು ಸುತ್ತುಗಳನ್ನು ನೋಡುತ್ತಾ ನನಗೆ ಹೊಟ್ಟೆಯಲ್ಲಿ ಏನೋ ಆಯಿತು. ಸಮಾಜದ ಬದಲಾವಣೆ ಬೇರೆ, ನೀರಿನ ಸಮಸ್ಯೆ ಬೇರೆ ಅಂತ ನಾವು ಇಷ್ಟು ವರ್ಷ ಬೇರೆ ಬೇರೆ ಸಭೆ ಮಾಡಿದ್ದೇವೆ, ಅಲ್ವಾ?

ನಾಲ್ಕು ಕಥೆ ಬರೆಯುವುದು

ಹವಾಯಿ ವಿಶ್ವವಿದ್ಯಾಲಯದಲ್ಲಿ ಬಹಳ ಕಾಲ ಪಾಠ ಮಾಡಿದ ಜಿಮ್ ಡೇಟರ್ ಒಂದು ಸಂಗತಿ ಗಮನಿಸಿದರು. ಜನ ಭವಿಷ್ಯದ ಬಗ್ಗೆ ಹೇಳುವ ಕಥೆಗಳೆಲ್ಲ ಹೆಚ್ಚು ಕಡಿಮೆ ನಾಲ್ಕು ಜಾತಿಗೆ ಸೇರುತ್ತವೆ. ಹೀಗೇ ಬೆಳೆಯುತ್ತಾ ಹೋಗುವುದು. ಕುಸಿದು ಬೀಳುವುದು. ಒಂದು ಕಟ್ಟುಪಾಡಿಗೆ ಒಳಪಟ್ಟು ಹಿತಮಿತವಾಗಿ ಬದುಕುವುದು. ಇಲ್ಲವೇ ಗುರುತೇ ಸಿಗದ ಹಾಗೆ ಬದಲಾಗಿ ಹೋಗುವುದು. ನಾಲ್ಕನ್ನೂ ಬರೆಯಬೇಕು. ಇಷ್ಟವಾದದ್ದನ್ನು ಮಾತ್ರ ಬರೆದರೆ ಅದು ಹಾರೈಕೆ, ಭಯವಾದದ್ದನ್ನು ಮಾತ್ರ ಬರೆದರೆ ಗೋಳು.

ಒಂದು ಉಪಾಯ: ನಾಲ್ಕೂ ಕಥೆಗೆ ಜಾಗ, ದಿನ, ಹೊತ್ತು ಒಂದೇ ಇರಲಿ. ನಾವು ಇಟ್ಟದ್ದು ನಮ್ಮ ಬಸ್ ಸ್ಟಾಪು, 2045ರ ಏಪ್ರಿಲ್, ಬೆಳಿಗ್ಗೆ ಎಂಟು ಗಂಟೆ. ನಾಲ್ಕು ಗುಂಪು ಮಾಡಿ ಅರ್ಧ ಗಂಟೆ ಕೊಟ್ಟೆವು.

ಬೆಳವಣಿಗೆಯ ಕಥೆಯಲ್ಲಿ ಮಂಗಳೂರಿನಿಂದ ಕುಂದಾಪುರದ ತನಕ ಒಂದೇ ಪೇಟೆ. ಬೈಲಿನಲ್ಲಿ ಫ್ಲ್ಯಾಟು, ನೀರಿಗೆ ಟ್ಯಾಂಕರು, ಜಾಗಕ್ಕೆ ಚಿನ್ನದ ಬೆಲೆ. ಕುಸಿತದ ಕಥೆಯಲ್ಲಿ ಗಲ್ಫಿನ ಹಣ ನಿಂತಿದೆ, ನದಿಯಲ್ಲಿ ಉಪ್ಪುನೀರು ಮೇಲೆ ಬಂದು ಬಾವಿ ಸವಳು, ಬಸ್ಸು ದಿನಕ್ಕೆ ಒಂದು. ಈ ಗುಂಪಿಗೆ ಕಲ್ಪನೆಗೆ ಕಷ್ಟ ಆಗಲಿಲ್ಲ. 2019ರ ಮೇಯಲ್ಲಿ ತುಂಬೆ ಅಣೆಕಟ್ಟಿನಲ್ಲಿ ನೀರು ಇಳಿದು ಮಂಗಳೂರಿಗೆ ಪಾಳಿಯಲ್ಲಿ ನೀರು ಬಿಟ್ಟದ್ದು, ಮರುವರ್ಷ ಸೆಪ್ಟೆಂಬರ್‌ನಲ್ಲಿ ಉಡುಪಿ ನೆರೆಯಲ್ಲಿ ಮುಳುಗಿದ್ದು ಎರಡೂ ನೆನಪಿನಲ್ಲೇ ಇತ್ತು. ಕಟ್ಟುಪಾಡಿನ ಕಥೆಯಲ್ಲಿ ಪಂಚಾಯತ್ ಬೋರ್‌ವೆಲ್ ನಿಲ್ಲಿಸಿದೆ, ಪ್ರತಿ ಮನೆಯಿಂದ ವರ್ಷಕ್ಕೆ ನಾಲ್ಕು ದಿನ ಊರಿನ ಕೆಲಸಕ್ಕೆ ಆಳು. ಮಳೆಗಾಲದ 61 ದಿನ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯದ ನಿಯಮವನ್ನು ನಾವು ಈಗಲೇ ಒಪ್ಪಿಕೊಂಡಿಲ್ಲವೇ ಅಂತ ಆ ಗುಂಪು ಕೇಳಿತು.

ನಾಲ್ಕನೇ ಕಥೆ ಓದಿದಾಗ ಜಗಲಿ ಬಿಸಿಯಾಯಿತು. ಅದರಲ್ಲಿ ಬಸ್ ಸ್ಟಾಪಿನಲ್ಲಿ ನಿಂತವರು ತುಳು ಮಾತಾಡುತ್ತಿದ್ದಾರೆ, ಆದರೆ ಅವರ ಅಪ್ಪ ಅಮ್ಮ ಬಂದದ್ದು ಕೊಪ್ಪಳದಿಂದ, ಒಡಿಶಾದಿಂದ. ಭಜನಾ ಮಂಡಳಿಯ ತಾಳ ಅವರ ಕೈಯಲ್ಲಿ. ಪಂಚಾಯತ್ ಸದಸ್ಯರು ಅವರೇ. "ಊರಿನವರು" ಎಂಬ ಮಾತಿನ ಅರ್ಥವೇ ಬದಲಾಗಿದೆ. ಒಬ್ಬರು "ಇದನ್ನೆಲ್ಲ ಬರೆಯುದು ಎಂತಕ್ಕೆ?" ಅಂತ ಸಿಟ್ಟಿನಿಂದ ಎದ್ದರು. ಇನ್ನೊಬ್ಬರು ಅವರನ್ನು ಕೂರಿಸಿದರು. ಅಧ್ಯಕ್ಷರು ತುಂಬ ಹೊತ್ತು ಹಾಳೆ ನೋಡಿ ಕೇಳಿದರು: "ನಮ್ಮವರು ಮುಂಬೈಗೆ ಹೋಗಿ ಅಲ್ಲಿಯವರೇ ಆಗ್ಲಿಲ್ವಾ?"

ಇಂಥ ಹೊತ್ತು ನಿಮ್ಮಲ್ಲೂ ಬರುತ್ತದೆ. ಚರ್ಚೆಯನ್ನು ಮುಚ್ಚಬೇಡಿ, ತೀರ್ಪನ್ನೂ ಕೊಡಬೇಡಿ. ಮುಂದಿನ ಸಂಜೆ ನಾವು ಲೈನ್ ಮನೆಯಲ್ಲಿ ಹದಿನಾಲ್ಕು ವರ್ಷದಿಂದ ಇರುವ, ಗಾರೆ ಕೆಲಸದ ಮೇಸ್ತ್ರಿಯೊಬ್ಬರನ್ನು ಕರೆದೆವು. ಅವರು ಗೋಡೆಯ ಹಾಳೆಗಳನ್ನೆಲ್ಲ ಒಂದು ಸುತ್ತು ನೋಡಿ ಮೆಲ್ಲಗೆ ಕೇಳಿದರು: "ನೀವು ಎಣಿಸಿದ ಅರವತ್ತೆಂಟು ಮನಿಯೊಳಗ ನಮ್ಮ ಲೈನ್ ಮನಿ ಎಲ್ಲಿ ಐತ್ರಿ ಅಣ್ಣಾರ?" ಇರಲಿಲ್ಲ. ಆರು ಕುಟುಂಬ, ಒಂಬತ್ತು ಮಕ್ಕಳು. ಊರಿನಲ್ಲಿ ಮಕ್ಕಳೇ ಇಲ್ಲ ಅಂತ ಕೊರಗುತ್ತಿದ್ದ ನಾವು ಆ ಒಂಬತ್ತು ಮಕ್ಕಳನ್ನು ಬಿಟ್ಟು ಎಣಿಸಿದ್ದೆವು. ಅದಕ್ಕೇ ಹೇಳುವುದು, ಹೆಂಗಸರು, ಹುಡುಗರು, ಬಾಡಿಗೆಗೆ ಇರುವವರು ಮೊದಲ ಸಂಜೆಯಿಂದಲೇ ಇರಲಿ. ನಾವು ಮಾಡಿದ ತಪ್ಪು ನೀವು ಮಾಡಬೇಡಿ.

ನಾಲ್ಕರಲ್ಲೂ ನಿಲ್ಲುವ ಕೆಲಸ

ಈಗ ಒಂದು ಹಾಳೆಯಲ್ಲಿ ಮಾಡಬಹುದಾದ ಕೆಲಸಗಳನ್ನೆಲ್ಲ ಬರೆಯಿರಿ. ಒಂದೊಂದನ್ನೂ ನಾಲ್ಕೂ ಕಥೆಯ ಒಳಗೆ ಇಟ್ಟು ನೋಡಿ. ಆ ಕಥೆ ನಿಜವಾದರೆ ಈ ಕೆಲಸ ಉಪಯೋಗಕ್ಕೆ ಬರುತ್ತದೆಯೇ, ದಂಡವಾಗುತ್ತದೆಯೇ?

ನಮ್ಮ ಪಟ್ಟಿಯಲ್ಲಿ ಮೊದಲು ಇದ್ದದ್ದು ಮಂಡಲಕ್ಕೆ ದೊಡ್ಡ ಸಭಾಭವನ. ಅದು ಬೆಳವಣಿಗೆಯ ಕಥೆಯಲ್ಲಿ ಮಾತ್ರ ನಿಂತಿತು. ಕುಸಿತದಲ್ಲಿ ಅದು ಸಾಲದ ಹೊರೆ. ಪಕ್ಕಕ್ಕೆ ಇಟ್ಟೆವು, ಕೆಲವರಿಗೆ ಇವತ್ತಿಗೂ ಬೇಸರ ಉಂಟು. ನಾಲ್ಕರಲ್ಲೂ ನಿಂತದ್ದು ಮೂರು: ತೋಡಿಗೆ ಕಟ್ಟ ಹಾಕುವುದು, ಒಬ್ಬರೇ ಇರುವ ಹಿರಿಯರಿಗೆ ದಿನಾ ಒಂದು ಫೋನ್ ಮಾಡುವ ಸರದಿ, ವಾರ್ಡಿನಲ್ಲಿ ವಾಸ ಇರುವ ಯಾರಿಗಾದರೂ ಮಂಡಲದ ಸದಸ್ಯತ್ವ. ಮನೆಮಟ್ಟದಲ್ಲಿ ಈ ಲೆಕ್ಕ ಹಾಕಿದವರಿಗೆ ಹೆಚ್ಚಾಗಿ ಸಿಕ್ಕಿದ್ದು ಆಸ್ತಿಯ ಕಾಗದ ಸರಿ ಮಾಡಿಕೊಳ್ಳುವುದು. ಹಿರಿಯರು ಇರುವಾಗಲೇ ಪಾಲುಪಟ್ಟಿ ಮಾಡಿದರೆ ಯಾವ ಭವಿಷ್ಯದಲ್ಲೂ ನಷ್ಟ ಇಲ್ಲ.

ಆಮೇಲೆ ಹಿಂದಕ್ಕೆ ಎಣಿಸುತ್ತಾ ಬನ್ನಿ. ಮುಟ್ಟಬೇಕಾದ ದಿನವನ್ನು ಮೊದಲು ಇಟ್ಟು, ಅಲ್ಲಿಂದ ಹಿಂದೆ ಹಿಂದೆ ಬಂದು ಇವತ್ತಿನ ಕೆಲಸ ಕಂಡುಕೊಳ್ಳುವುದು. ಉಡುಪಿಯವರಿಗೆ ಇದು ಹೊಸತಲ್ಲ. ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ಪರ್ಯಾಯ, ಕೃಷ್ಣಮಠದ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ದಿನ. ಆದರೆ ಬಾಳೆ ಮುಹೂರ್ತ ಆಗುವುದು ಅದಕ್ಕೆ ಒಂದು ವರ್ಷಕ್ಕಿಂತಲೂ ಮೊದಲು. ಆ ದಿನಕ್ಕೆ ಎಲೆ ಬೇಕಾದರೆ ಬಾಳೆ ಈಗ ನೆಡಬೇಕು. ಆಮೇಲೆ ಅಕ್ಕಿ, ಕಟ್ಟಿಗೆ, ಭತ್ತದ ಮುಹೂರ್ತಗಳು ಒಂದಾದ ಮೇಲೊಂದು. ಸಾವಿರಾರು ಜನರ ಊಟದ ಕಟ್ಟಿಗೆ ರಥದ ಆಕಾರದಲ್ಲಿ ಏರಿ ನಿಲ್ಲುವುದನ್ನು ನಾವೆಲ್ಲ ನೋಡಿದ್ದೇವೆ. ಕಟ್ಟದ ವಿಷಯಕ್ಕೂ ಹಾಗೇ ಎಣಿಸಿದೆವು. ಡಿಸೆಂಬರ್‌ಗೆ ಕಟ್ಟ ಬೇಕಾದರೆ ನವೆಂಬರ್‌ನಲ್ಲಿ ಗೂಟ, ಚೀಲ. ಅಕ್ಟೋಬರ್‌ನಲ್ಲಿ ತೋಡಿನ ಹೂಳು. ಅದಕ್ಕೆ ಮೊದಲು ಎರಡೂ ದಡದ ಜಾಗದವರ ಒಪ್ಪಿಗೆ. ಒಬ್ಬರು ಮಸ್ಕತ್‌ನಲ್ಲಿದ್ದರು, ಅವರಿಗೆ ಆಗಸ್ಟ್‌ನಲ್ಲೇ ಫೋನ್ ಹೋಯಿತು.

ಗುರುತು ಇಟ್ಟು ಕಾಯುವುದು

ಯಾವ ಕಥೆ ನಿಜವಾಗುತ್ತಾ ಬರುತ್ತಿದೆ ಅಂತ ತಿಳಿಯಲು ನಾಲ್ಕೈದು ಗುರುತು ಸಾಕು. ವರ್ಷಕ್ಕೊಮ್ಮೆ ಅಳೆಯಲು ಆಗುವಂಥದ್ದೇ ಇರಲಿ. ನಮ್ಮವು: ಒಂದನೇ ತರಗತಿಗೆ ಸೇರಿದ ಮಕ್ಕಳು, ಬೀಗ ಹಾಕಿದ ಮನೆ, ಬೆಳಿಗ್ಗೆ ಆರರಿಂದ ಹತ್ತರ ಒಳಗಿನ ಬಸ್ಸುಗಳು, ಮಂಡಲಕ್ಕೆ ಹೊಸದಾಗಿ ಸೇರಿದವರು, ವಿಷು ದಿನದ ಬಾವಿ ನೀರು.

ವರ್ಷದ ಸಭೆಗೆ ನಾವು ಪತ್ತನಾಜೆಯ (ಮೇ ಕೊನೆಯ ಕಡೆಗೆ ಬರುವ ತುಳು ದಿನ) ಹಿಂದಿನ ವಾರ ಇಟ್ಟುಕೊಂಡಿದ್ದೇವೆ. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ ಹೊತ್ತು, ನೇಮ ಕೋಲಗಳೂ ಮುಗಿದಿರುತ್ತವೆ, ಮಳೆ ಶುರುವಾಗಿರುವುದಿಲ್ಲ, ಹೊರಗಿನ ಮಕ್ಕಳು ರಜೆಗೆ ಬಂದಿರುತ್ತಾರೆ. ನೀವೂ ನಿಮ್ಮ ಊರಿಗೆ ಒಪ್ಪುವ ದಿನ ನೋಡಿ. ಅವತ್ತು ಹಳೆ ಹಾಳೆಗಳನ್ನು ಮತ್ತೆ ಗೋಡೆಗೆ ಹಾಕಿ, ತಪ್ಪಾದ ಊಹೆಗಳನ್ನು ಬೇರೆ ಬಣ್ಣದಲ್ಲಿ ಗುರುತು ಮಾಡಿ. ಹರಿದು ಬಿಸಾಡಬೇಡಿ. ನಾವು ಎಲ್ಲಿ ತಪ್ಪುತ್ತೇವೆ ಅಂತ ಅದರಿಂದಲೇ ಗೊತ್ತಾಗುವುದು. ಆಮೇಲೆ ಒಂದು ಸುಳಿವಿನ ಪುಸ್ತಕವನ್ನು ಮುಂದಿನ ವರ್ಷಕ್ಕೆ ಹದಿನೆಂಟು ದಾಟದ ಯಾರಿಗಾದರೂ ಕೊಡಿ.

ಕಳೆದ ಡಿಸೆಂಬರ್‌ನಲ್ಲಿ ಕಟ್ಟ ಹಾಕಿದೆವು. ಮೂರು ಭಾನುವಾರ ಹಿಡಿಯಿತು. ಗೂಟ ಹೊಡೆಯಲು ಕೈ ಗಟ್ಟಿ ಇದ್ದವರು ಮೇಸ್ತ್ರಿ ಮತ್ತು ಅವರ ಇಬ್ಬರು ಮಕ್ಕಳು. ಎಲ್ಲಿ ಹೊಡೆಯಬೇಕು ಅಂತ ದಡದಲ್ಲಿ ಕುರ್ಚಿ ಹಾಕಿ ಕೂತು ಹೇಳಿದ್ದು ಬೈಲಿನ ಕೊನೆ ಮನೆಯ ಅಣ್ಣ. ದೊಡ್ಡಮ್ಮನ ಬಾವಿಯ ಹಗ್ಗಕ್ಕೆ ಕೆಂಪು ನೂಲಿನ ಒಂದು ಗಂಟು ಇದೆ, ಕಟ್ಟ ಇಲ್ಲದ ವರ್ಷ ವಿಷುವಿನ ದಿನ ಕೊಡಪಾನ ನೀರು ಮುಟ್ಟಿದಾಗ ರಾಟೆಯ ಹತ್ತಿರ ಇದ್ದ ಜಾಗ. ಈ ವಿಷುವಿಗೆ ಕೊಡಪಾನ ಇಳಿಸಿದಾಗ ಆ ಗಂಟು ರಾಟೆಯ ತನಕ ಬರಲಿಲ್ಲ. ಒಂದೂವರೆ ಮೊಳ ಮೊದಲೇ ಕೊಡಪಾನ ನೀರಿಗೆ ತಾಗಿತು. ಅಲ್ಲಿ ಹಸಿರು ನೂಲಿನ ಇನ್ನೊಂದು ಗಂಟು ಹಾಕಿದ್ದೇವೆ. ಒಂದು ವರ್ಷದ ಅಳತೆಯಿಂದ ಏನೂ ಹೇಳಲಾಗುವುದಿಲ್ಲ, ಮಳೆಯೂ ಚೆನ್ನಾಗಿತ್ತು. ಬರುವ ವಿಷುವಿಗೆ ಮತ್ತೆ ಅಳೆಯುತ್ತೇವೆ.